ಬಿಜಲಿ ಹಿಡಿದ ಕಳ್ಳ

ಸ್ವಲ್ಪ ಕೂತು ಕೇಳಿ, ಪೂರ್ತಿ ಕೇಳಿ. ಪೊಲೀಸರ ಕಥೆ ಎಂದ ಕೂಡಲೇ ಎಲ್ಲರೂ ಅರ್ಧಕ್ಕೇ ಕೈ ಎತ್ತಿ 'ಗೊತ್ತಾಯ್ತು ಬಿಡಪ್ಪ, ಲಂಚ ತಾನೇ' ಎಂದುಬಿಡುತ್ತಾರೆ. ಲಂಚವಲ್ಲ. ಲಂಚದ ಕಥೆಯಾಗಿದ್ದರೆ ನಿಮ್ಮ ಹೊತ್ತು ಯಾಕೆ ಹಾಳು ಮಾಡುತ್ತಿದ್ದೆ? ಇದು ಒಂದು ಮುದಿ ನಾಯಿ ತಪ್ಪು ಮಾಡಿತು ಎಂದು ಒಪ್ಪಿಕೊಳ್ಳಲಾಗದೆ, ಒಂದು ಇಡೀ ತರಬೇತಿ ಕೇಂದ್ರ, ಅದರ ಬಾವುಟ, ಬ್ಯಾಂಡು, ಪ್ರಾಚಾರ್ಯರ ಮೀಸೆ ಸಮೇತ ಒಬ್ಬ ಹುಡುಗನ ಮೇಲೆ ಬಿದ್ದ ಕಥೆ. ಆ ಹುಡುಗನೂ ಭಾರೀ ಸಾಚಾ ಏನಲ್ಲ. ಅದನ್ನೂ ಹೇಳುತ್ತೇನೆ.

2009ರ ಮಾತು. ನಾಸಿಕದಿಂದ ಓಝರ್ ಕಡೆ ಹೋಗುವ ದಾರಿಯಲ್ಲಿ, ವಿಮಾನದ ಕಾರ್ಖಾನೆಯ ಸದ್ದು ಕೇಳುವಷ್ಟು ಹತ್ತಿರ, ಫೌಜದಾರರನ್ನು ತಯಾರಿಸುವ ಒಂದು ಕೇಂದ್ರವಿತ್ತು. ಹೆಸರು ಬೇಡ. ಫೌಜದಾರ ಎಂದರೆ ಆ ಕಡೆ ಸಬ್ ಇನ್ಸ್‌ಪೆಕ್ಟರ್. ಕಾನೂನಿನ ಪುಸ್ತಕ, ಓಟ, ಲಾಠಿ, ಬಂದೂಕು, ಹಗ್ಗ ಹತ್ತುವುದು ಎಲ್ಲವನ್ನೂ ಅಲ್ಲಿ ಕಲಿಸುತ್ತಿದ್ದರು. ಆದರೆ ಎಲ್ಲಕ್ಕಿಂತ ಚೆನ್ನಾಗಿ ಕಲಿಸುತ್ತಿದ್ದದ್ದು ದೊಡ್ಡವರು ಬರುವ ದಿನ ಹೇಗೆ ಕಾಣಬೇಕು ಎಂಬುದನ್ನು. ಗೇಟಿನಿಂದ ಆಫೀಸಿನವರೆಗೆ ಕಾಗದದ ಹೂವಿನ, ಅಂದರೆ ಬೋಗನ್‌ವಿಲ್ಲಾದ, ಬಳ್ಳಿಗಳ ಸಾಲು. ನೋಡಿಕೊಳ್ಳುವವರಿಲ್ಲದೆ ಅದು ಸದಾ ಬೋಳು. ಮುಂಬಯಿಯಿಂದ ಯಾರಾದರೂ ಹಿರಿಯ ಅಧಿಕಾರಿ ಬರುತ್ತಾರೆಂದರೆ ಕ್ಯಾಡೆಟ್‌ಗಳು, ಅಂದರೆ ನಾಳೆ ನಮ್ಮನ್ನು ಕಾಯಬೇಕಾದವರು, ಸಾಲಾಗಿ ಕೂತು ಆ ಬಳ್ಳಿಗಳಿಗೆ ಬಣ್ಣದ ಕಾಗದ ಕಟ್ಟುತ್ತಿದ್ದರು. ಕಾಗದದ ಹೂವಿಗೆ ಕಾಗದದ ಹೂವು. ಅಧಿಕಾರಿ ಜೀಪಿನಿಂದ ಇಳಿದು, 'ವಾಹ್, ಏನು ಹೂವು' ಎಂದು ಹೇಳಿ ಹೋಗುತ್ತಿದ್ದರು. ಅವರೂ ತಮ್ಮ ಕಾಲದಲ್ಲಿ ಕೂತು ಕಟ್ಟಿದವರೇ.

ಮಲ್ಲಿನಾಥ ಅಲ್ಲಿಗೆ ಬಂದದ್ದು ಪರೀಕ್ಷೆಗೆ ಹಲವು ಸಲ ಕೂತು, ವಯಸ್ಸಿನ ಮಿತಿ ಮುಗಿಯುವ ಹೊತ್ತಿಗೆ. ಅವನ ಅಪ್ಪ ರೇವಣಪ್ಪ ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವರು. ಅಂಬಡ್‌ನ ಕೈಗಾರಿಕಾ ಪ್ರದೇಶದಲ್ಲಿ ಮೋಟಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಲೇತ್ ಮಷೀನು ನಡೆಸುತ್ತಿದ್ದರು. ತಾಯಿ ಸುಶೀಲಾಬಾಯಿ. ಬಾಡಿಗೆಯ ಖೋಲಿಯೊಳಗೆ ಕನ್ನಡ, ಹೊಸ್ತಿಲ ಹೊರಗೆ ಮರಾಠಿ. ಹುಡುಗ ನೋಡಲು ಎತ್ತರ, ಓಡಲು ಸೋಮಾರಿ, ಮಾತಿಗೆ ಮುಂದು. ಬೆಳಗಿನ ಜಾವ ಹಗ್ಗ ಹತ್ತುವುದೆಂದರೆ ಅವನಿಗೆ ಯಮಯಾತನೆ. ಅರ್ಧ ಹಗ್ಗದಲ್ಲಿ ನೇತಾಡುತ್ತಾ ಕವಾಯತು ಕಲಿಸುವ ಉಸ್ತಾದನ ಬೈಗುಳ ಕೇಳಿ ಕೇಳಿ ಸಾಕಾಗಿದ್ದವನಿಗೆ ಒಂದು ದಿನ ದಾರಿ ಸಿಕ್ಕಿತು. ಆ ದಾರಿಯ ಹೆಸರು ಬಿಜಲಿ.

ಬಿಜಲಿ ಎಂದರೆ ಕೇಂದ್ರದ ಪೊಲೀಸ್ ನಾಯಿ. ಹೆಸರು ಇಟ್ಟಾಗ ಮಿಂಚಿನಂತೆ ಇದ್ದಿರಬಹುದು. ಮಲ್ಲಿನಾಥ ನೋಡುವ ಹೊತ್ತಿಗೆ ಅದು ಬಿಸಿಲಿಗೆ ಹಾಕಿದ ಕಂಬಳಿಯಂತೆ ಬಿದ್ದಿರುತ್ತಿತ್ತು. ಅದನ್ನು ನೋಡಿಕೊಳ್ಳುವವನು ಹರಿದಾಸ ಎಂಬ ಹವಾಲ್ದಾರ. ನಾಯಿಯ ಮೂಗು ಯಾವುದೋ ರೋಗಕ್ಕೆ ಸಿಕ್ಕಿ ಎಂದೋ ಹೋಗಿತ್ತು. ಮಟನ್ ತುಂಡನ್ನು ಒಂದು ಗೇಣು ದೂರ ಇಟ್ಟರೂ ಕಣ್ಣಿಂದ ಕಂಡರೆ ಮಾತ್ರ ತಿನ್ನುತ್ತಿತ್ತು. ಆದರೆ ಅದನ್ನು ಹೇಳಿದರೆ ನಾಯಿ ನಿವೃತ್ತ, ಹೊಸ ನಾಯಿಯ ಜೊತೆ ಹೊಸ ಹವಾಲ್ದಾರ, ಹರಿದಾಸನಿಗೆ ಬಿಸಿಲಲ್ಲಿ ಬಂದೋಬಸ್ತು. ಹಾಗಾಗಿ ಅವನು ಒಂದು ಉಪಾಯ ಕಂಡುಕೊಂಡಿದ್ದ.

ಉಪಾಯ ಇಷ್ಟೇ. ಶಾಲೆಯ ಮಕ್ಕಳೋ, ಲೇಡೀಸ್ ಕ್ಲಬ್ಬಿನವರೋ ಕೇಂದ್ರ ನೋಡಲು ಬಂದರೆ ನಾಯಿಯ ಆಟ ಇರುತ್ತಿತ್ತು. ಹತ್ತು ಕ್ಯಾಡೆಟ್‌ಗಳು ಸಾಲಾಗಿ ನಿಲ್ಲಬೇಕು. ಬಂದವರ ಕರವಸ್ತ್ರವನ್ನು ಗುಟ್ಟಾಗಿ ಒಬ್ಬನ ಜೇಬಿನಲ್ಲಿ ಇಡಬೇಕು. ಬಿಜಲಿ ಬಂದು ಕರವಸ್ತ್ರದ ಒಡೆಯರ ಕೈ ಮೂಸಿ, ಸಾಲಿನುದ್ದಕ್ಕೂ ನಡೆದು, 'ಕಳ್ಳ'ನ ಮುಂದೆ ಕೂರಬೇಕು. ಮೂಗಿಲ್ಲದ ನಾಯಿ ಕೂರುವುದು ಹೇಗೆ? ದಿನಾ ಸಂಜೆ ತನಗೆ ಹಾಲು ರೊಟ್ಟಿ ಹಾಕುವವನ ಮುಂದೆ ತಾನೇ? ಹಾಗೆ ಹಾಕುವ ಕೆಲಸಕ್ಕೆ ಹರಿದಾಸ ಮಲ್ಲಿನಾಥನನ್ನು ಹಿಡಿದ. ಕೂಲಿಯಾಗಿ ಆಟದ ದಿನ ಅವನಿಗೆ ಹಗ್ಗದಿಂದ ಬಿಡುಗಡೆ. ಹುಡುಗ ಎರಡು ಸಲ ಯೋಚಿಸಲಿಲ್ಲ.

ಕರವಸ್ತ್ರ ಪ್ರತಿ ಸಲವೂ ಅವನ ಜೇಬಿಗೇ. ಬಿಜಲಿ ಪ್ರತಿ ಸಲವೂ ಒಂಬತ್ತು ಜನರನ್ನು ಕಣ್ಣೆತ್ತಿಯೂ ನೋಡದೆ ಅವನ ಮುಂದೆ ಹೋಗಿ, ಬಾಲ ಅಲ್ಲಾಡಿಸಿ, ಕೂರುವುದು. ಚಪ್ಪಾಳೆ. ಹೆಂಗಸರು ಅವನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದು. ಇಡೀ ಬ್ಯಾಚಿಗೆ ಈ ಗುಟ್ಟು ಗೊತ್ತಿತ್ತು, ಊಟದ ಹಾಲಿನಲ್ಲಿ ಅವನನ್ನು 'ಚೋರ್ ಸಾಹೇಬ್' ಎಂದೇ ಕರೆಯುತ್ತಿದ್ದರು, ಅವನು ಎದ್ದು ನಿಂತು ಸೆಲ್ಯೂಟ್ ಹೊಡೆದು ಇನ್ನೊಂದು ಚಪಾತಿ ಹಾಕಿಸಿಕೊಳ್ಳುತ್ತಿದ್ದ. ನಾಚಿಕೆ? ಆಗ ಇರಲಿಲ್ಲ.

ಬ್ಯಾಚಿನಲ್ಲಿ ಕನ್ನಡ ಮಾತಾಡುವ ಇನ್ನೊಬ್ಬಳಿದ್ದಳು, ರೂಪಾ. ಕಲಬುರಗಿ ಕಡೆಯ ವ್ಯಾಪಾರಿಗಳ ಮನೆ, ಬೆಳೆದದ್ದು ಈಗ ಛತ್ರಪತಿ ಸಂಭಾಜಿನಗರ ಎನ್ನುವ, ಆಗ ಬೋರ್ಡಿನ ಮೇಲೆ ಔರಂಗಾಬಾದ್ ಎಂದೇ ಇದ್ದ ಊರಿನಲ್ಲಿ. ಅವಳ ಅಪ್ಪ ಮಾಳಪ್ಪನವರಿಗೆ ಅಲ್ಲಿ ಒಂದು ಮಂಗಲ ಕಾರ್ಯಾಲಯ, ಅಂದರೆ ಮದುವೆ ಮಂಟಪ. ಅವಳೊಬ್ಬಳು ಮಾತ್ರ ಆ ಆಟಕ್ಕೆ ಮೂಗು ಮುರಿಯುತ್ತಿದ್ದಳು. ಒಮ್ಮೆ ಕೇಳಿಯೇ ಬಿಟ್ಟಳು, ನಾಳೆ ಯಾವನೋ ಬಡವನ ಮನೆ ಮುಂದೆ ಇಂಥದ್ದೇ ನಾಯಿ ಕೂತರೆ ಏನು ಮಾಡುತ್ತೀ ಎಂದು. ಅವನು ನಕ್ಕು, ಆಗ ಹಾಲು ಹಾಕಿದವರು ಯಾರೆಂದು ಕೇಳುತ್ತೇನೆ ಎಂದ.

ಈಗ ಬೆತ್ತದ ವಿಷಯ. ಪ್ರಾಚಾರ್ಯರ ಹೆಸರು ಬಿಂದುಮಾಧವ. ಕ್ಯಾಡೆಟ್‌ಗಳು ತರಬೇತಿ ಮುಗಿಸಿ ಹೊರಬೀಳುವ ದಿನದ ದೊಡ್ಡ ಪರೇಡಿನಲ್ಲಿ ಪ್ರಾಚಾರ್ಯರ ಕಂಕುಳಲ್ಲಿ ಇರಬೇಕಾದದ್ದು ಒಂದು ಬೆಳ್ಳಿ ಹಿಡಿಯ ಬೆತ್ತ. ಬ್ರಿಟಿಷರ ಕಾಲದ್ದಂತೆ. ಅದು ಕೇಂದ್ರದ ಸೊತ್ತು, ಪರೇಡು ಮತ್ತು ಅದರ ಅಭ್ಯಾಸ ಬಿಟ್ಟರೆ ಗಾಜಿನ ಪೆಟ್ಟಿಗೆಯಿಂದ ಹೊರಗೆ ಬರಬಾರದು ಎಂದು ನಿಯಮ. ಸಾಹೇಬರಿಗೆ ಅದರ ಮೇಲೆ ಎಷ್ಟು ಪ್ರೀತಿಯೆಂದರೆ ಕಂಕುಳಲ್ಲಿ ಅದಿಲ್ಲದೆ ತಮಗೆ ಎತ್ತರವೇ ಸಾಲದು ಎಂದುಕೊಂಡಿದ್ದರು. ಪರೇಡಿನ ಅಭ್ಯಾಸ ಶುರುವಾಗುವ ಬೆಳಿಗ್ಗೆ ಪೆಟ್ಟಿಗೆ ತೆರೆದರೆ ಬೆತ್ತವಿಲ್ಲ. ಮಖಮಲ್ಲಿನ ಮೇಲೆ ಬೆತ್ತದ ಆಕಾರದ ತಗ್ಗು ಮಾತ್ರ.

ಹಾಹಾಕಾರ. ಅರ್ದಲಿಗಳಿಗೆ ಬೈಗುಳ, ಬ್ಯಾರಕ್ಕಿನ ಟ್ರಂಕುಗಳೆಲ್ಲ ಅಂಗಳಕ್ಕೆ. ಕೊನೆಗೆ ಬಿಂದುಮಾಧವ ಸಾಹೇಬರಿಗೆ ಹೊಳೆಯಿತು: ನಮ್ಮಲ್ಲೇ ಇಷ್ಟು ದೊಡ್ಡ ಹೆಸರಿನ ನಾಯಿ ಇರುವಾಗ ಹುಡುಕುವುದು ಯಾಕೆ? ಇಡೀ ಬ್ಯಾಚನ್ನು ಮೈದಾನದಲ್ಲಿ ನಿಲ್ಲಿಸಿ, ಬಿಜಲಿಯನ್ನು ತರಿಸಿ ಎಂದರು. ಹರಿದಾಸನ ಮುಖ ಬಿಳುಚಿತು. ನಾಯಿಗೆ ಜ್ವರ ಎಂದ. ಸಾಹೇಬರು ಜ್ವರವಿದ್ದರೂ ಕರ್ತವ್ಯ ಕರ್ತವ್ಯವೇ ಎಂದರು.

ಬಿಜಲಿಗೆ ಖಾಲಿ ಪೆಟ್ಟಿಗೆ ಮೂಸಲು ಕೊಟ್ಟರು. ಅದು ಮೂಸಿದಂತೆ ಮಾಡಿತು. ಆಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಇನ್ನೂರು ಜನರ ಸಾಲುಗಳನ್ನು ನೋಡಿತು. ಇಷ್ಟು ಜನರ ನಡುವೆ ತನ್ನವನನ್ನು ಹುಡುಕುವುದು ಅದಕ್ಕೂ ಹೊಸ ಕೆಲಸ. ಪಾಪ, ಮನಸ್ಸಿಟ್ಟು ಹುಡುಕಿತು. ಕೊನೆಗೆ ಹಿಂದಿನ ಸಾಲಿನಲ್ಲಿ ಎತ್ತರದವನು ಕಂಡ. ಬಾಲ ಎದ್ದಿತು. ಓಡುತ್ತಲೇ ಹೋಯಿತು, ವರ್ಷಗಳ ನಂತರ ಮೊದಲ ಸಲ ಹೆಸರಿಗೆ ತಕ್ಕ ಹಾಗೆ. ಮಲ್ಲಿನಾಥನ ಬೂಟಿನ ಮುಂದೆ ಕೂತು ಮುಖ ಎತ್ತಿ ನೋಡಿತು.

ಮಲ್ಲಿನಾಥ ನಕ್ಕುಬಿಟ್ಟ. ಉಳಿದವರೂ ಈಗ ನಗುತ್ತಾರೆ ಎಂದುಕೊಂಡಿದ್ದ. ಯಾರೂ ನಗಲಿಲ್ಲ. ಆ ನಗುವೇ ಅವನ ವಿರುದ್ಧ ಮೊದಲ ಸಾಕ್ಷಿಯಾಯಿತು.

ಅವನು ನಿಜವನ್ನೇ ಹೇಳಿದ. ದಿನಾ ಅನ್ನ ಹಾಕುವವನು ನಾನು, ಹಾಗಾಗಿ ಬರುತ್ತದೆ, ಆಟವೆಲ್ಲ ಹೀಗೇ ನಡೆಯುತ್ತಿತ್ತು ಎಂದ. ಸಾಹೇಬರ ಮುಖ ಕೆಂಪಗಾಯಿತು. ಅಂದರೆ ಇಷ್ಟು ದಿನ ಬಂದ ಅತಿಥಿಗಳಿಗೆಲ್ಲ ನಾನು ಸುಳ್ಳು ತೋರಿಸಿದೆನೋ ಎಂದು ಕೇಳಿದರು. ಆ ಪ್ರಶ್ನೆಗೆ ಹೌದು ಎನ್ನುವುದು ಹೇಗೆ? ಹರಿದಾಸನನ್ನು ಕೇಳಿದರು. ಅವನು ಎದೆ ಉಬ್ಬಿಸಿ, ಬಿಜಲಿಯ ಮೂಗು ಒಂದನೇ ನಂಬರು ಎಂದ. ಸಾಲಿನಲ್ಲಿ ನಿಲ್ಲುತ್ತಿದ್ದ ಒಂಬತ್ತು ಜನರನ್ನು ಕೇಳಿದರು. ಒಂಬತ್ತೂ ಜನ ತಮ್ಮ ತಮ್ಮ ಬೂಟುಗಳ ಪಾಲಿಶ್ ಪರೀಕ್ಷಿಸುತ್ತಾ, ನಮಗೇನೂ ಗೊತ್ತಿಲ್ಲ ಸರ್ ಎಂದರು. ಸತ್ಯಶೋಧನೆಯ ಪಾಠದಲ್ಲಿ ಎಲ್ಲರೂ ಒಳ್ಳೆಯ ಅಂಕ ತೆಗೆದವರು. ರೂಪಾ ಒಬ್ಬಳು ಕೈ ಎತ್ತಿದಳು. ಹೆಂಗಸರ ಸಾಲಿಗೆ ನಾಯಿ ಬಂದೇ ಇಲ್ಲ, ನಿನ್ನನ್ನು ಯಾರು ಕೇಳಿದರು ಎಂದು ಉಸ್ತಾದ ಅವಳ ಕೈ ಇಳಿಸಿದ.

ಅಲ್ಲಿಗೆ ಚೋರ್ ಸಾಹೇಬ ನಿಜವಾದ ಚೋರನಾದ. ಕ್ಲಾಸಿಲ್ಲ, ಪರೇಡಿಲ್ಲ, ದಿನವಿಡೀ ಆಫೀಸಿನ ಮುಂದೆ ಸ್ಟೂಲಿನ ಮೇಲೆ ಕೂರಬೇಕು. ಬೆತ್ತ ಸಿಗಲಿಲ್ಲ, ಆದರೆ ಅದರ ಚಿಂತೆ ಯಾರಿಗೂ ಇದ್ದಂತೆ ಕಾಣಲಿಲ್ಲ. ಯಾಕೆಂದರೆ ಊರಿನ ಮರಾಠಿ ಪೇಪರಿನವನೊಬ್ಬ ಬಿಜಲಿಯ ಫೋಟೊ ಹಾಕಿ, ಮನೆಯೊಳಗಿನ ಕಳ್ಳನನ್ನೂ ಬಿಡದ ನಾಯಿ ಎಂದು ಬರೆದಿದ್ದ. ಸಾಹೇಬರು ಅದನ್ನು ಮುಂಬಯಿಗೆ ಕಳಿಸಿ, ನಾಯಿಗೊಂದು ಪದಕ ಕೊಡಬೇಕೆಂದು ಶಿಫಾರಸು ಮಾಡಿದ್ದರು. ಊಟದ ಹಾಲಿನಲ್ಲಿ ಈಗ ಯಾರೂ ಚೋರ್ ಸಾಹೇಬ್ ಎನ್ನುತ್ತಿರಲಿಲ್ಲ. ಅವನು ಬಂದು ಕೂತರೆ ತಟ್ಟೆ ಎತ್ತಿಕೊಂಡು ಆಚೆ ಸರಿಯುತ್ತಿದ್ದರು. ಬಿಜಲಿ ಮಾತ್ರ ಬಂದು ಸ್ಟೂಲಿನ ಕೆಳಗೆ ಮಲಗುತ್ತಿತ್ತು. ಹರಿದಾಸ ಬಂದು, ನನಗೆ ಮೂವರು ಹೆಣ್ಣುಮಕ್ಕಳಪ್ಪ ಎಂದು ಹೇಳಿ, ನಾಯಿಯನ್ನು ಎಳೆದುಕೊಂಡು ಹೋಗುತ್ತಿದ್ದ.

ಅಷ್ಟರಲ್ಲಿ ಔರಂಗಾಬಾದಿನಲ್ಲಿ ಒಂದು ದೊಡ್ಡ ಮೆರವಣಿಗೆಯ ಬಂದೋಬಸ್ತು ಬಂತು. ಅಭ್ಯಾಸವಾಗಲಿ ಎಂದು ಇಡೀ ಬ್ಯಾಚನ್ನು ಬಸ್ಸುಗಳಲ್ಲಿ ತುಂಬಿ ಕಳಿಸಿದರು. ಮಲ್ಲಿನಾಥನನ್ನೂ ತುಂಬಿದರು, ಅವನೊಬ್ಬನನ್ನು ಬಿಟ್ಟು ಹೋದರೆ ಕಾಯಲು ಇನ್ನೊಬ್ಬನನ್ನು ಬಿಡಬೇಕಲ್ಲ. ಯೇವಲಾ, ವೈಜಾಪುರ ದಾಟಿ ಬಸ್ಸುಗಳು ನಿಂತದ್ದು ಮಾಳಪ್ಪನವರ ಮಂಗಲ ಕಾರ್ಯಾಲಯದ ಮುಂದೆ. ಕ್ಯಾಡೆಟ್‌ಗಳಿಗೆ ಅಲ್ಲೇ ವಸತಿ, ಪುಕ್ಕಟೆ. ಮಗಳು ಬಿಂದುಮಾಧವ ಸಾಹೇಬರ ಕೈಕೆಳಗೆ ಇರುವಾಗ ಮಾಳಪ್ಪನವರು ಬಾಡಿಗೆ ಕೇಳಲಾದೀತೇ? ಹೋದ ತಿಂಗಳು ಸಾಹೇಬರ ಅಣ್ಣನ ಮಗನ ಮದುವೆಯೂ ಅಲ್ಲೇ ಆಗಿತ್ತು. ಅದೂ ಹಾಗೇ.

ಮಧ್ಯಾಹ್ನದ ಊಟಕ್ಕೆ ಹಿಂದಿನ ಅಂಗಳದಲ್ಲಿ ಪೆಂಡಾಲು. ಎಲ್ಲರೂ ಉಂಡು ಹೋದ ಮೇಲೆ ಕೊನೆಯ ಪಂಕ್ತಿಯಲ್ಲಿ ಮಲ್ಲಿನಾಥ ಒಬ್ಬನೇ, ಬಡಿಸಲು ರೂಪಾ. ಎಲೆಗಳ ಸುತ್ತ ಬೀದಿ ನಾಯಿಗಳು. ಮಾಳಪ್ಪನವರು, ದೊಡ್ಡ ಹೊಟ್ಟೆಯ, ದೊಡ್ಡ ವಿಭೂತಿಯ ಮನುಷ್ಯ, 'ಹಚಾ, ಹಚಾ' ಎನ್ನುತ್ತಾ ಆ ನಾಯಿಗಳನ್ನು ಓಡಿಸುತ್ತಿದ್ದರು. ಅವರ ಕೈಯಲ್ಲಿ ಒಂದು ಬೆತ್ತ. ಬೆತ್ತದ ಹಿಡಿ ಬಿಸಿಲಿಗೆ ಫಳ್ ಎಂದಿತು.

ಮಲ್ಲಿನಾಥನ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಎದ್ದ. ಸಿಂಹದ ಮುಖದ ಬೆಳ್ಳಿ ಹಿಡಿ, ಅದರ ಕೆಳಗೆ ಕೇಂದ್ರದ ಮುದ್ರೆ. ಸಿಂಹದ ಬಾಯಿಗೆ ಬೇಳೆಸಾರು ಮೆತ್ತಿಕೊಂಡಿತ್ತು. ಕೈ ಚಾಚಿ ಇನ್ನೇನು ಹಿಡಿಯಬೇಕು, ಪಕ್ಕದಿಂದ ರೂಪಾ ಅವನ ಮಣಿಕಟ್ಟಿಗೆ ಹೊಡೆದಳು.

"ಮುಟ್ಟಬ್ಯಾಡ. ಹುಚ್ಚದೀಯೇನು? ನಿನ್ನ ಕೈಯಾಗ ಅದು ಕಂಡ್ರ ಮುಗೀತು. ನಾಯಿ ಹೇಳಿದ್ದು ಖರೇ ಆತದ."

ಅವನಿಗೆ ಆಗ ತಿಳಿಯಿತು. ತನ್ನನ್ನು ಉಳಿಸುವ ವಸ್ತು ಮೊಳದಷ್ಟು ದೂರದಲ್ಲಿದೆ, ಅದನ್ನು ಮುಟ್ಟಿದರೆ ತಾನು ಕಳ್ಳ. ಕೈ ಹಿಂದಕ್ಕೆ ಕಟ್ಟಿಕೊಂಡು, ಪರೇಡಿನಲ್ಲಿ ವಿಶ್ರಾಮ್ ನಿಂತ ಹಾಗೆ ನಿಂತ. ರೂಪಾಳೇ ಅಪ್ಪನನ್ನು ಕೇಳಿದಳು. ಮಾಳಪ್ಪನವರು ಸರಳವಾಗಿ ಹೇಳಿದರು: ಆ ಮದುವೆಯಲ್ಲಿ ಸಾಹೇಬರು ಪೂರಾ ಯೂನಿಫಾರಂ ಹಾಕಿಕೊಂಡು, ಇದನ್ನು ಕಂಕುಳಲ್ಲಿ ಇಟ್ಟುಕೊಂಡೇ ವಧೂವರರ ಮೇಲೆ ಅಕ್ಷತೆ ಹಾಕಿದರು, ಊಟಕ್ಕೆ ಕೂರುವಾಗ ಕುರ್ಚಿಗೆ ಆನಿಸಿದರು, ಮರೆತು ಹೋದರು. ಮದುವೆ ಮನೆಯಲ್ಲಿ ದಿನಾ ಛತ್ರಿ, ಶಾಲು, ಹಲ್ಲಿನ ಸೆಟ್ಟು ಏನೇನೋ ಉಳಿಯುತ್ತದೆ. ಇದೂ ಒಂದು ಕೋಲು, ಸಾಹೇಬರು ಕೇಳಿದರೆ ಕೊಟ್ಟರಾಯಿತು ಎಂದು ಮೂಲೆಗಿಟ್ಟೆ, ನಾಯಿ ಓಡಿಸಲು ಬಲು ಚಲೋ ಅದ. ಮದುವೆಯ ವಿಡಿಯೋ ಸಿಡಿಯೂ ಇದೆ, ಬೇಕಾದರೆ ನೋಡಿರಿ.

ಸಿಡಿ ನೋಡಿದರು. ಅಕ್ಷತೆ ಎರಚುತ್ತಾ ಬಿಂದುಮಾಧವ ಸಾಹೇಬರು, ಕಂಕುಳಲ್ಲಿ ಸಿಂಹ. ಮಲ್ಲಿನಾಥನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಲಸ ಉಳಿಯಿತು ಎಂದುಕೊಂಡ. ಪೊಲೀಸು ಆಗುವವನಿಗೆ ಸಾಕ್ಷಿ ಸಿಕ್ಕರೆ ಕೇಸು ಮುಗಿಯಿತು ಎಂಬ ನಂಬಿಕೆ. ಎಷ್ಟು ಎಳಸು ನೋಡಿ.

ಸರ್ಕಿಟ್ ಹೌಸಿನಲ್ಲಿ ಇಳಿದಿದ್ದ ಸಾಹೇಬರಿಗೆ ಮಾಳಪ್ಪನವರು ಅಲ್ಲಿಂದಲೇ ಫೋನು ಮಾಡಿದರು. ನಿಮ್ಮ ಬೆತ್ತ ನಮ್ಮಲ್ಲೇ ಇದೆ ಎಂದು ಸಂತೋಷದಿಂದ ಹೇಳಿದರು. ಆ ಕಡೆ ಕೋಣೆಯ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಸಾಹೇಬರು, ಅದು ನಮ್ಮದಲ್ಲ, ಬೇರೆ ಯಾವುದೋ ಇರಬೇಕು, ನಮ್ಮ ಬೆತ್ತ ಕದ್ದವನು ಸಿಕ್ಕಿದ್ದಾನೆ ಎಂದು ಹೇಳಿ ಫೋನು ಇಟ್ಟರು. ಹೆತ್ತ ಮಗುವನ್ನೇ ನನ್ನದಲ್ಲ ಎಂದ ಹಾಗೆ. ಮಾಳಪ್ಪನವರು ಫೋನನ್ನೂ ಬೆತ್ತವನ್ನೂ ಬದಲಿಸಿ ಬದಲಿಸಿ ನೋಡಿದರು. ವ್ಯಾಪಾರಿ ಮನುಷ್ಯ, ಗಾಳಿ ಯಾವ ಕಡೆ ಎಂದು ಬೇಗ ತಿಳಿಯುತ್ತದೆ. ಬೆತ್ತವನ್ನು ಒಂದು ಹಳೆಯ ಪರದೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ನಮಗ್ಯಾಕ ಬೇಕವಾ ದೊಡ್ಡ ಮಂದಿ ಉಸಾಬರಿ ಎಂದು ಮಗಳಿಗೆ ಹೇಳಿದರು.

ಸಂಜೆ ಮಲ್ಲಿನಾಥನಿಗೆ ಸರ್ಕಿಟ್ ಹೌಸಿನಿಂದ ಕರೆ ಬಂತು. ಸಾಹೇಬರು ಬೈಯಲಿಲ್ಲ. ಅವರ ತಾಯಿ ಅಕ್ಕಲಕೋಟೆ ಕಡೆಯವರಂತೆ, ಕನ್ನಡ ಬರುತ್ತಿತ್ತು. ಬೈಯುವುದು ಮರಾಠಿಯಲ್ಲಿ, ಭಾಷಣ ಇಂಗ್ಲಿಷಿನಲ್ಲಿ. ಕನ್ನಡ ತೆಗೆದರೆಂದರೆ ಏನೋ ಬೇಕಾಗಿದೆ ಎಂದರ್ಥ.

"ಬಾ ಬಾಳಾ, ಕೂಡು. ಚಹಾ ತೊಗೋ," ಎಂದರು, ಮನೆಯ ಮಗುವನ್ನು ಕರೆದ ಹಾಗೆ. ತಮ್ಮ ಕೈಯಿಂದಲೇ ಕಪ್ಪು ಸರಿಸಿದರು. "ನೋಡು, ನೀ ಕದ್ದಿಲ್ಲ. ನನಗ ಗೊತ್ತದ, ನಿನಗ ಗೊತ್ತದ. ಬಾಕಿ ಮಂದಿಗ್ಯಾಕ ತ್ರಾಸ ಕೊಡೂದು?"

ಆಮೇಲೆ ಬಹಳ ಅಕ್ಕರೆಯಿಂದ ಲೆಕ್ಕ ಬಿಡಿಸಿ ಹೇಳಿದರು. ನಾಯಿ ತಪ್ಪು ಎಂದರೆ ಆಟವೆಲ್ಲ ತಪ್ಪು, ಪದಕ ತಪ್ಪು, ಪೇಪರು ತಪ್ಪು, ಮುಂಬಯಿಗೆ ಬರೆದದ್ದು ತಪ್ಪು. ಒಬ್ಬ ಹುಡುಗನ ಸಲುವಾಗಿ ಇಷ್ಟು ದೊಡ್ಡ ಸಂಸ್ಥೆಯ ಮೂಗು ಕೊಯ್ಯುವುದೇ? ಅದರ ಬದಲು ಸೋಮವಾರದ ಹಾಜರಿಯಲ್ಲಿ ಅವನು ಎಲ್ಲರ ಮುಂದೆ ಒಂದೇ ಮಾತು ಹೇಳಲಿ, ಬೆತ್ತ ನಾನೇ ತೆಗೆದಿದ್ದೆ, ಗಮ್ಮತ್ತಿಗೆ, ಎಂದು. ಬೆತ್ತ ಕುದುರೆ ಲಾಯದ ಹುಲ್ಲಿನಲ್ಲಿ ಸಿಕ್ಕಿತು ಎಂದು ಸಾಹೇಬರು ಹೇಳುತ್ತಾರೆ, ಡ್ರೈವರು ಮಾಳಪ್ಪನ ಅಟ್ಟದಿಂದ ತಂದಿರುತ್ತಾನೆ. ಮಕ್ಕಳಾಟ ಎಂದು ಒಂದಿಷ್ಟು ಹೆಚ್ಚಿನ ಕವಾಯತು, ಬ್ಯಾಚಿನ ಕ್ರಮದಲ್ಲಿ ಕೊನೆಯ ಸ್ಥಾನ. ಅಷ್ಟೇ. ಪರೇಡು ಮುಗಿಸಿ ಫೌಜದಾರನಾಗಿ ಹೊರಗೆ ಹೋಗಬಹುದು. ಇಲ್ಲವಾದರೆ ವಿಚಾರಣೆ. ವಿಚಾರಣೆ ಎಂದರೆ ನಿನ್ನ ತಲೆ ಬೆಳ್ಳಗಾಗುವವರೆಗೂ ನಡೆಯುತ್ತದೆ, ಅಷ್ಟು ದಿನ ಸ್ಟೂಲಿನ ಮೇಲೇ. ಇನ್ನೊಂದು ಪರೀಕ್ಷೆ ಬರೆಯಲು ವಯಸ್ಸೂ ಇಲ್ಲ.

ಮಲ್ಲಿನಾಥ ಸಿಡಿಯ ಮಾತೆತ್ತಿದ. ಸಾಹೇಬರು ನಿಟ್ಟುಸಿರಿಟ್ಟು, ಆ ಹುಡುಗಿಯೂ ಇನ್ನೂ ಟ್ರೇನಿಂಗಿನಲ್ಲೇ ಇದ್ದಾಳಲ್ಲ ಎಂದರು. ಚಹಾ ಆರಿತೇನೋ, ಇನ್ನೊಂದು ತರಿಸಲೇ ಎಂದೂ ಕೇಳಿದರು.

ನಾಸಿಕಕ್ಕೆ ವಾಪಸು ಬರುವಷ್ಟರಲ್ಲಿ ರೇವಣಪ್ಪನವರನ್ನು ಕೇಂದ್ರಕ್ಕೆ ಕರೆಸಿಯಾಗಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡು ಬಂದಿದ್ದರು. ಸಾಹೇಬರು ಅವರಿಗೂ ಚಹಾ ಕೊಟ್ಟು, ಕನ್ನಡ ಮಾತಾಡಿ, ಮಗನಿಗೆ ಬುದ್ಧಿ ಹೇಳಿ ಎಂದು ಬೇವಿನ ಮರದ ಕೆಳಗೆ ಕಳಿಸಿದರು. ಮಲ್ಲಿನಾಥ ಎಲ್ಲವನ್ನೂ ಹೇಳಿದ, ನಾಯಿಗೆ ಹಾಲು ಹಾಕಿದ್ದನ್ನೂ, ಹಗ್ಗ ತಪ್ಪಿಸಿದ್ದನ್ನೂ ಬಿಡಲಿಲ್ಲ. ಅಪ್ಪ ನಂಬಿದರು. ನಂಬಿದ ಮೇಲೆ ಅವರು ಸಿಟ್ಟಾಗುತ್ತಾರೆ, ಸಾಹೇಬರ ಕೋಣೆಗೆ ನುಗ್ಗುತ್ತಾರೆ ಎಂದು ಅವನು ಕಾದ.

"ಹೂಂ ಅಂದ್ಬಿಡು," ಎಂದರು ರೇವಣಪ್ಪ.

ಅವನು ಆಗದು ಎಂದು ತಲೆ ಅಲ್ಲಾಡಿಸಿದ.

"ದಿನಾ ಸಂಜಿಗಿ ಕಂಪನಿ ಗೇಟಿನ್ಯಾಗ ನಾ ಕೈ ಎತ್ತಿ ನಿಂದರ್ತೀನಿ. ತಾಂಬ್ರಾ ಕದ್ದೀನಂತ ಕಿಸೆ ನೋಡ್ತಾರ, ಡಬ್ಬಿ ತೆಗಸ್ತಾರ, ಬೂಟಿನ್ಯಾಗ ಕೈ ಹಾಕ್ತಾರ. ನಿನಕಿಂತ ಸಣ್ಣ ಪೋರ ಇರ್ತಾನ ಅಲ್ಲಿ. ನಾ ಕದ್ದಿಲ್ಲಪಾ ಅಂತ ಒಂದಿನಾನೂ ಅಂದಿಲ್ಲ ನಾ. ಅಂದ್ರ ಗೇಟ್ ತೆಗೀತದೇನು? ಕೈ ಎತ್ತಬೇಕು, ಮನಿಗಿ ಬರಬೇಕು. ಅದ್ರಿಂದ ನಾ ಕಳ್ಳ ಆದ್ನೇನು?"

"ಕೈ ಎತ್ತೂದು ಬ್ಯಾರೆ ಅಪ್ಪಾ. ಕದ್ದೀನಿ ಅನ್ನೂದು ಬ್ಯಾರೆ."

"ನಿನಗ ಬ್ಯಾರೆ ಕಾಣಸ್ತದ," ಎಂದರು ಅಪ್ಪ, ಟೊಪ್ಪಿಗೆ ಹಾಕಿಕೊಳ್ಳುತ್ತಾ. "ಗೇಟಿನ್ಯಾಗ ನಿಂತಿಲ್ಲಲ ಇನ್ನಾ."

ಅವರು ಹೋದ ಮೇಲೆ ರೂಪಾ ಬಂದಳು. ಅವಳ ಹತ್ತಿರ ಸಿಡಿ ಇತ್ತು, ಮನೆಯಿಂದ ಬರುವಾಗ ಅಮ್ಮ ಚನಬಸವ್ವ ಕೊಟ್ಟ ಚಟ್ನಿಪುಡಿಯ ಡಬ್ಬಿಯ ಅಡಿಯಲ್ಲಿ ಇಟ್ಟು ತಂದಿದ್ದಳು. ಅಪ್ಪನಿಗೆ ಗೊತ್ತಿರಲಿಲ್ಲ. ಅವಳ ಲೆಕ್ಕ ಸರಳ. ಹಾಜರಿಯಲ್ಲಿ ಅವನು ಇಲ್ಲ ಎನ್ನಲಿ, ಕೂಡಲೇ ಅವಳು ಸಾಲಿನಿಂದ ಮುಂದೆ ಬಂದು ಎಲ್ಲವನ್ನೂ ಹೇಳುತ್ತಾಳೆ. ಇನ್ನೂರು ಜನರ ಮುಂದೆ ಹೇಳಿದ ಮೇಲೆ ಯಾರು ಮುಚ್ಚುತ್ತಾರೆ? ಮುಚ್ಚಿದರೆ ಪೇಪರಿನವನಿದ್ದಾನೆ. ನಾಯಿಯದು ಬರೆದವನು ಬೆತ್ತದ್ದೂ ಬರೆಯುತ್ತಾನೆ. ಮಲ್ಲಿನಾಥ, ನಿನ್ನ ನೌಕರಿ ಹೋದರೆ, ಎಂದ. ಹೋದರೆ ಹೋಗಲಿ, ಇಂಥವರ ಕೈಯಿಂದ ಬಿಲ್ಲೆ ಚುಚ್ಚಿಸಿಕೊಳ್ಳುವ ಹುಚ್ಚು ನನಗೇನಿಲ್ಲ ಎಂದಳು.

"ನೀ ಬರೇ ಇಲ್ಲ ಅನ್ನು ಸಾಕು. ಮುಂದಿಂದು ನಂದು. ಆದ್ರ ನೀನೇ ಹೂಂ ಅಂದ್ರ ನಾ ಎದ್ದು ನಿಂತು ಏನ್ ಹೇಳ್ಲಿ? ನೀನೇ ನನ್ನ ಸುಳ್ಳಿ ಮಾಡಿದಂಗ ಆತದ."

ಸೋಮವಾರ ಬೆಳಿಗ್ಗೆ. ಮೈದಾನ. ಬೋಳು ಬಳ್ಳಿಗಳಿಗೆ ಆಗಲೇ ಕಾಗದ ಕಟ್ಟಿಯಾಗಿತ್ತು, ದೊಡ್ಡ ಪರೇಡು ಹತ್ತಿರ ಬಂದಿತ್ತಲ್ಲ. ವೇದಿಕೆಯ ಮೇಲೆ ಬಿಂದುಮಾಧವ ಸಾಹೇಬರು, ಕಂಕುಳಲ್ಲಿ ಬೆತ್ತ, ತೊಳೆದು ಪಾಲಿಶ್ ಮಾಡಿದ ಸಿಂಹ. ಕುದುರೆ ಲಾಯದ ಹುಲ್ಲಿನಲ್ಲಿ ಸಿಕ್ಕಿತು ಎಂದು ಅವರು ಘೋಷಿಸಿದರು. ಮಾಳಪ್ಪನ ಅಂಗಳದ ನಾಯಿಗಳಿಗೆಲ್ಲ ಹೊಡೆತ ತಿನ್ನಿಸಿದ ಬೆತ್ತ ಎಂದು ಗೊತ್ತಿದ್ದವರು ಅಲ್ಲಿ ಮೂವರೇ. ಮಲ್ಲಿನಾಥನ ಹೆಸರು ಕರೆದರು. ಮುಂದೆ ಬಂದ. ಮೂರನೆಯ ಸಾಲಿನಲ್ಲಿ ರೂಪಾ ಒಂದು ಕಾಲನ್ನು ಆಗಲೇ ಅರ್ಧ ಹೆಜ್ಜೆ ಮುಂದೆ ಇಟ್ಟಿದ್ದಳು. ಅದು ಅವನಿಗೆ ಕಂಡಿತು. ಕಾಣದ ಹಾಗೆ ಇರಲು ಸಾಧ್ಯವೇ ಇರಲಿಲ್ಲ.

ಇಲ್ಲ ಎನ್ನಲು ಬಾಯಿ ತೆರೆದೇ ಇದ್ದ ಎಂದು ಅವನು ಆಮೇಲೆ ಹೇಳಿಕೊಳ್ಳುತ್ತಿದ್ದ. ಇರಬಹುದು. ತೆರೆದ ಬಾಯಿಂದ ಬಂದದ್ದು ಇದು:

"ಬೆತ್ ಮೀಚ್ ಘೇತ್ಲಾ ಹೋತಾ, ಸರ್. ಗಮ್ಮತ್ ಮ್ಹಣೂನ್."

ನಾನೇ ತೆಗೆದಿದ್ದೆ, ತಮಾಷೆಗೆ. ಧ್ವನಿ ಎಷ್ಟು ಸ್ಪಷ್ಟ, ಎಷ್ಟು ಗಟ್ಟಿಯೆಂದರೆ ಆ ಕಡೆಯ ಗೋಡೆಗೆ ಬಡಿದು ವಾಪಸು ಬಂತು. ಹೊಟ್ಟೆಯಿಂದ ಕೂಗು ಎಂದರೆ ಹೀಗೆ ಕೂಗಬೇಕು ಎಂದ ಉಸ್ತಾದ, ಪಕ್ಕದವನಿಗೆ. ಸಾಹೇಬರು ಬೆತ್ತವನ್ನು ಕಂಕುಳಿಗೆ ಒತ್ತಿಕೊಂಡು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದಕ್ಕೆ ಇನ್ನೂರು ಜನರೂ ತಟ್ಟಿದರು. ಆಮೇಲೆ ಇಂಗ್ಲಿಷಿನಲ್ಲಿ ಭಾಷಣ: ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯವೇ ಪೊಲೀಸನ ಮೊದಲ ಗುಣ, ಸತ್ಯ ಎಂದಿಗೂ ಬಚ್ಚಿಟ್ಟುಕೊಳ್ಳಲಾರದು, ಇತ್ಯಾದಿ. ರೂಪಾ ಕಾಲನ್ನು ಹಿಂದಕ್ಕೆ ತೆಗೆದುಕೊಂಡು ಸಾಲು ಸರಿ ಮಾಡಿಕೊಂಡಳು. ಅವಳೊಬ್ಬಳು ತಟ್ಟಲಿಲ್ಲ.

ಬಿಜಲಿಗೆ ಪದಕ ಬಂತು. ಹರಿದಾಸನಿಗೆ ಬಡ್ತಿ ಬಂತು. ಮಲ್ಲಿನಾಥ ಕೊನೆಯ ಸ್ಥಾನದಲ್ಲಿ ಪಾಸಾಗಿ, ಸಟಾಣಾ ಕಡೆ ಈರುಳ್ಳಿ ಮಂಡಿಗಳ ಒಂದು ಠಾಣೆಗೆ ಫೌಜದಾರನಾಗಿ ಹೋದ. ಬ್ಯಾಚಿನವರು ಸೇರಿದಾಗ ಅವನನ್ನು ಈಗ 'ಗಮ್ಮತ್ ಸಾಹೇಬ್' ಎನ್ನುತ್ತಾರೆ. ಬೂಟು ನೋಡುತ್ತಾ ನಿಂತ ಆ ಒಂಬತ್ತು ಜನರೇ ಹೆಚ್ಚು ನಗುವವರು. ಅವನೂ ನಗುತ್ತಾನೆ, ನಗದಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತದಲ್ಲ. ರೇವಣಪ್ಪನವರು ಮಗನ ಫೋಟೊವನ್ನು ಟೊಪ್ಪಿಗೆ ಸಮೇತ ದೊಡ್ಡದು ಮಾಡಿಸಿ ಖೋಲಿಯ ಗೋಡೆಗೆ ಹಾಕಿದ್ದಾರೆ.

ರೂಪಾ ಅವನನ್ನು ಮಾತಾಡಿಸಿದ್ದು ಒಂದೇ ಸಲ, ಕೆಲವು ವರ್ಷಗಳ ನಂತರ, ಮನ್ಮಾಡ್ ಸ್ಟೇಷನ್ನಿನಲ್ಲಿ. ಇಬ್ಬರ ಹೆಗಲ ಮೇಲೂ ನಕ್ಷತ್ರಗಳು. ಅವನು ಏನೋ ವಿವರಿಸಲು ಹೊರಟ. ಅವಳು ಕೈ ಅಡ್ಡ ಹಿಡಿದಳು.

"ಅವತ್ತ ನೀ ಇಲ್ಲ ಅಂದಿದ್ರ ನನ್ನ ನೌಕರೀನೂ ಹೋಗತಿತ್ತು, ನಂಗೊತ್ತದ. ಅದಕ್ಕ ನಿನಗ ಥ್ಯಾಂಕ್ಸ್ ಹೇಳಬೇಕೋ, ಮುಖದ ಮ್ಯಾಲ ಉಗೀಬೇಕೋ, ಇನ್ನಾ ತಿಳೀವಲ್ದು," ಎಂದು ಹೇಳಿ, ಗಾಡಿ ಬಂತೆಂದು ಹೊರಟುಹೋದಳು.

ಅವನು ಪ್ಲಾಟ್‌ಫಾರಮ್ಮಿನಲ್ಲಿ ನಿಂತೇ ಇದ್ದ. ಥೂ ಎನ್ನುವುದು ನನಗೂ ಸುಲಭ, ಇಷ್ಟು ಹೊತ್ತು ಅದನ್ನೇ ಮಾಡಿದೆ. ಆದರೆ ಒಂದು ಕಡೆ ಟೊಪ್ಪಿಗೆ ಕೈಯಲ್ಲಿ ಹಿಡಿದ ಅಪ್ಪ, ಇನ್ನೊಂದು ಕಡೆ ಅರ್ಧ ಹೆಜ್ಜೆ ಮುಂದಿಟ್ಟ ಹುಡುಗಿ, ಎದುರಿಗೆ ಬೆತ್ತ ಹಿಡಿದು ಕಾಯುತ್ತಿರುವ ಸಾಹೇಬ. ಆ ಮೈದಾನದಲ್ಲಿ ನಿಮ್ಮ ಹೆಸರು ಕರೆದಿದ್ದರೆ, ನೀವು ಏನು ಹೇಳುತ್ತಿದ್ದಿರಿ?